ಕೂದಲ ಬುಡಕ್ಕೆ 230 ಡಿಗ್ರಿ ಯಾಕೆ?

ಲೋಕಲ್ ಟ್ರೇನಿನ ಲೇಡೀಸ್ ಡಬ್ಬದಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಓಡಾಡಿದವಳಾಗಿ ಒಂದು ಮಾತು ಹೇಳಬಲ್ಲೆ. ಕೂತವರ ಬೈತಲೆ ನಿಂತವರಿಗೆ ಕಾಣುವಷ್ಟು ಚೆನ್ನಾಗಿ ಇನ್ನೆಲ್ಲೂ ಕಾಣುವುದಿಲ್ಲ. ಡೊಂಬಿವಲಿಯಿಂದ ದಾದರಿನ ತನಕ ಜೋತಾಡಿಕೊಂಡು ಹೋಗುತ್ತಾ ಎಷ್ಟೋ ಹೆಂಗಸರ ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುವುದನ್ನು ನೋಡಿದ್ದೇನೆ. ಈಗೀಗ ಹುಡುಗಿಯರು ಎದ್ದು ನನಗೆ ಸೀಟು ಕೊಡುತ್ತಾರೆ. ಅಂದರೆ ನನ್ನ ಬೈತಲೆಯನ್ನು ಬೇರೆಯವರು ನೋಡುವ ಸರದಿ ಬಂತು ಅಂತಾಯಿತು :-)

ಹೋದ ದೀಪಾವಳಿಗೆ ಪುಣೆಯಿಂದ ಬಂದ ಮಗಳು ಒಂದು ಡಬ್ಬಿ ಕೈಗಿಟ್ಟಳು. "ಅಮ್ಮಾ, ಇದು ಸ್ಟ್ರೇಟನರ್ ಅಲ್ಲ, ಬುಡದಲ್ಲಿ ವಾಲ್ಯೂಮ್ ಕೊಡುತ್ತೆ" ಅಂದಳು. ನೋಡಲು ಇಕ್ಕಳದ ಹಾಗಿತ್ತು. ಒಳಗಿನ ಎರಡು ತಟ್ಟೆಗಳ ಮೇಲೆ ಚಕ್ಕುಲಿ ಒರಳಿನ ಬಿಲ್ಲೆಯಂಥ ಸಣ್ಣ ಸಣ್ಣ ಏಣು. ಡಬ್ಬಿಯ ಮೇಲೆ ಅದರ ಹೆಸರಿಗಿಂತ ದಪ್ಪ ಅಕ್ಷರದಲ್ಲಿ 230 ಡಿಗ್ರಿ ಅಂತ. ಅದನ್ನು ನೋಡಿಯೇ ನನಗೆ ಸ್ವಲ್ಪ ದಿಗಿಲಾಯಿತು. ನಾವು ಹಪ್ಪಳ ಕರಿಯುವ ಎಣ್ಣೆಯೇ 180-190ರ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ಬಿಸಿಯಾದದ್ದನ್ನು ನೆತ್ತಿಯಿಂದ ಅರ್ಧ ಬೆರಳು ದೂರದಲ್ಲಿ ಹಿಡಿಯಬೇಕಂತೆ!

ಹಿಡಿದೆ. ಎರಡು ದಿನ ಚೆನ್ನಾಗಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಮೂರನೇ ದಿನ ಕೈ ಸ್ವಲ್ಪ ಜಾರಿ ಬೈತಲೆಯ ಪಕ್ಕದಲ್ಲೇ ಅವರೆಕಾಳಿನಷ್ಟು ಬೊಕ್ಕೆ ಎದ್ದಿತು. ಯಾವುದನ್ನು ಮುಚ್ಚಲು ಹೊರಟಿದ್ದೆನೋ ಅದನ್ನೇ ಕೆಂಪು ಚುಕ್ಕೆ ಇಟ್ಟು ತೋರಿಸಿದ ಹಾಗಾಯಿತು. ಧಾರವಾಡದಲ್ಲಿರುವ ಅವ್ವನಿಗೆ ಫೋನಿನಲ್ಲಿ ಹೇಳಿದರೆ, "ತಲೀಗೆ ಇಸ್ತ್ರಿ ಮಾಡ್ಕೊಂಡ್ರ ಇನ್ನೇನಾಗ್ತದ?" ಅಂದು ನಕ್ಕಳು.

ತಪ್ಪು ನನ್ನ ಕೈಯದೇ ಇರಬಹುದು. ಆದರೆ ಆಮೇಲೆ ಇದರ ಬಗ್ಗೆ ಒಂದಿಷ್ಟು ಓದಿದೆ (ನನ್ನ ಚಟ ನಿಮಗೆ ಗೊತ್ತೇ ಇದೆ). ಓದಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇಷ್ಟು. ಬುಡ ಎತ್ತುವ ಯಂತ್ರ ಮಾಡುವವರಲ್ಲಿ ಬಹಳಷ್ಟು ಜನ ಕೂದಲಿನ ತುದಿಗೆ ಮಾಡಿದ ಯಂತ್ರವನ್ನೇ ಸ್ವಲ್ಪ ತಿದ್ದಿ ಬುಡಕ್ಕೆ ಮಾರುತ್ತಿದ್ದಾರೆ. ಬುಡದ ಲೆಕ್ಕವೇ ಬೇರೆ.

ಹೇಗೆ ಅಂತ ಹೇಳುತ್ತೇನೆ. ಕೂದಲು ಅಂದರೆ ಕೆರಾಟಿನ್ ಎಂಬ ಪ್ರೋಟೀನು. ಅದರ ಎಳೆಗಳನ್ನು ಹಿಡಿದಿಟ್ಟಿರುವ ಕೊಂಡಿಗಳಲ್ಲಿ ಎರಡು ಮುಖ್ಯ. ಗಂಧಕದ ಕೊಂಡಿಗಳು ಗಟ್ಟಿ, ಅವನ್ನು ಬಿಡಿಸಲು ಪಾರ್ಲರಿನ ರಾಸಾಯನಿಕ ಬೇಕು. ಹೈಡ್ರೋಜನ್ ಕೊಂಡಿಗಳು ಸಡಿಲ, ನೀರು ತಗುಲಿದರೂ ಬಿಡುತ್ತವೆ, ಬಿಸಿ ತಗುಲಿದರೂ ಬಿಡುತ್ತವೆ. ಒಣಗಿ ತಣ್ಣಗಾಗುವ ಹೊತ್ತಿಗೆ ಕೂದಲು ಯಾವ ಭಂಗಿಯಲ್ಲಿರುತ್ತದೋ ಅದೇ ಭಂಗಿಯಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಒದ್ದೆ ತಲೆಯಲ್ಲಿ ಮಲಗಿ ಎದ್ದರೆ ಒಂದು ಕಡೆ ಚಪ್ಪಟೆ, ಒಂದು ಕಡೆ ಗುಬ್ಬಿಗೂಡು ಆಗುತ್ತದಲ್ಲ, ಅದೂ ಇದೇ ವಿದ್ಯೆ. ಅಂದರೆ ಕೂದಲನ್ನು ನಿಲ್ಲಿಸುವುದು ಬಿಸಿಯಲ್ಲ. ಬಿಸಿ ಬಿಡಿಸುತ್ತದೆ, ತಂಪು ನಿಲ್ಲಿಸುತ್ತದೆ. ಡಬ್ಬಿಯ ಮೇಲೆ ಬಿಸಿ ಎಷ್ಟು ಅಂತ ದಪ್ಪಕ್ಷರದಲ್ಲಿ ಬರೆಯುತ್ತಾರೆ. ಬುಡವನ್ನು ಎತ್ತಿ ಹಿಡಿದು ಎಷ್ಟು ಹೊತ್ತು ತಣಿಸಬೇಕು ಅಂತ ಬರೆದದ್ದನ್ನು ನಾನಂತೂ ಕಂಡಿಲ್ಲ. ಹೇರ್ ಡ್ರೈಯರಿನಲ್ಲಿ ತಣ್ಣನೆ ಗಾಳಿಯ ಬಟನ್ ಒಂದಿರುತ್ತದೆ, ಹಿಮದ ಚಿತ್ರ ಇರುವುದು. ನಿಮ್ಮಲ್ಲಿ ಎಷ್ಟು ಜನ ಅದನ್ನು ಒತ್ತಿದ್ದೀರಿ ಹೇಳಿ?

ಇನ್ನೊಂದು ವಿಷಯ ವಯಸ್ಸಿನದು. ಕೂದಲು ತಿಂಗಳಿಗೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ನನ್ನ ಜಡೆಯ ತುದಿಗೆ ನಾಲ್ಕು ವರ್ಷ, ಬುಡಕ್ಕೆ ಒಂದು ವಾರ! ಬುಡದ ಕೂದಲು ಹೊಸದು, ಅದಕ್ಕೆ ಅಷ್ಟು ಬಿಸಿ ಬೇಕಾಗಿಲ್ಲ. ಬಿಸಿ ತಾಗಬಾರದ್ದು ಅದರ ಪಕ್ಕದ ಚರ್ಮಕ್ಕೆ. 60 ಡಿಗ್ರಿಯ ಬಿಸಿ ಐದೇ ಸೆಕೆಂಡು ತಾಗಿದರೂ ಚರ್ಮ ಸುಡುತ್ತದೆ ಅಂತ 1940ರ ದಶಕದಲ್ಲೇ ಲೆಕ್ಕ ಹಾಕಿದ್ದಾರೆ. ಹಾಗಾದರೆ ಬುಡದ ಯಂತ್ರ ಮಾಡುವವನ ಮುಂದಿರುವ ನಿಜವಾದ ಪ್ರಶ್ನೆ ಬಿಸಿ ಎಷ್ಟು ಏರಿಸಬಹುದು ಅನ್ನುವುದಲ್ಲ. ಚರ್ಮದಿಂದ ಒಂದು ಸೆಂಟಿಮೀಟರ್ ಮೇಲಿರುವ ಕೂದಲನ್ನು ಬೆಚ್ಚಗೆ ಮಾಡಿ, ಚರ್ಮವನ್ನು ಮಾತ್ರ ತಂಪಾಗಿ ಇಡುವುದು ಹೇಗೆ ಅನ್ನುವುದು.

ಇದಕ್ಕೆ ಉಪಾಯಗಳಿಲ್ಲ ಅಂತಲ್ಲ. ಅಮೆರಿಕದಲ್ಲಿ 1970ರ ದಶಕದಲ್ಲಿ ಕೂದಲನ್ನು ಸೀರೆ ನೆರಿಗೆಯ ಹಾಗೆ ಮುರಿಯುವ ಕ್ರಿಂಪಿಂಗ್ ಐರನ್ ಬಂತು. ಆಗ ಅದು ಮೇಲೆ ಕಾಣುವ ಶೋಕಿ. ಆಮೇಲೆ ಯಾರಿಗೋ ಬುದ್ಧಿ ಹೊಳೆಯಿತು, ಮೇಲ್ಪದರ ಬಿಟ್ಟು ಒಳಪದರದ ಬುಡಕ್ಕೆ ಮಾತ್ರ ಸಣ್ಣ ನೆರಿಗೆ ಹಾಕಿದರೆ ಅದು ಮೇಲಿನ ಕೂದಲನ್ನು ಹೊತ್ತು ನಿಲ್ಲುತ್ತದೆ. ಹಾಸಿಗೆ ಕೆಳಗಿನ ಸ್ಪ್ರಿಂಗಿನ ಹಾಗೆ. ಬಹಳ ಚಂದದ ಯೋಚನೆ, ನನ್ನ ಡಬ್ಬಿಯೊಳಗಿನದೂ ಇದೇ ಜಾತಿ. ಕೂದಲನ್ನು ಸೇರಿಸಲು ಆಗುವುದಿಲ್ಲ, ಇದ್ದದ್ದರ ನಡುವೆ ಜಾಗ ಮಾಡಬಹುದು. ಆದರೆ ಆ ಏಣಿನ ತಟ್ಟೆಯ ಹೊರ ಅಂಚಿನಲ್ಲಿ ಬಿಸಿಯಾಗದ ಬಾಚಣಿಗೆ ಹಲ್ಲಿನ ಸಾಲೊಂದು ಇದ್ದಿದ್ದರೆ ಹಲ್ಲು ನೆತ್ತಿಗೆ ಊರುತ್ತಿತ್ತು, ತಟ್ಟೆ ದೂರ ಉಳಿಯುತ್ತಿತ್ತು, ನನಗೆ ಬೊಕ್ಕೆ ಏಳುತ್ತಿರಲಿಲ್ಲ. ಒಂದು ತುಂಡು ಪ್ಲಾಸ್ಟಿಕ್ಕಿನ ಮಾತು!

ಡೈಸನ್‌ನವರು 2018ರಲ್ಲಿ ತಂದ ಏರ್‌ರ‍್ಯಾಪ್ ಇನ್ನೊಂದು ದಾರಿ ಹಿಡಿಯಿತು. ಬಿಸಿ ತಟ್ಟೆಯೇ ಇಲ್ಲ. ಗಾಳಿ ಬಾಗಿದ ಮೈಗೆ ಅಂಟಿಕೊಂಡು ಹರಿಯುತ್ತದೆ, ರೊಮೇನಿಯಾದ ಕೊವಾಂಡಾ ಎಂಬ ಎಂಜಿನಿಯರ್ ಹೆಸರಿನ ಗುಣ ಅದು. ಆ ಗಾಳಿಯೇ ಕೂದಲನ್ನು ಸುತ್ತಿಕೊಳ್ಳುತ್ತದೆ. ಗಾಳಿಯ ಬಿಸಿ 150 ಡಿಗ್ರಿ ದಾಟದಂತೆ ಸೆಕೆಂಡಿಗೆ 40 ಸಲ ಅಳೆಯುತ್ತದೆ ಅಂತ ಕಂಪನಿಯೇ ಹೇಳುತ್ತದೆ. ಸಂತೋಷ. ಆದರೆ ಅದರ ಬೆಲೆ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ.

ಕಡಿಮೆ ಬಿಸಿ ಅಂದರೆ ದುಬಾರಿ ಅಂತ ನೀವು ಅಂದುಕೊಂಡೀರಿ. ಅಲ್ಲ. ಇಂಥ ಸಾಮಾನುಗಳ ಒಳಗೆ ಪಿಟಿಸಿ ಅನ್ನುವ ಪಿಂಗಾಣಿ ಬಿಲ್ಲೆ ಇರುತ್ತದೆ, ಬೇರಿಯಂ ಟೈಟನೇಟಿನದು. ಒಂದು ಮಟ್ಟಕ್ಕೆ ಬಿಸಿಯಾದ ಕೂಡಲೇ ಅದರ ರೋಧ ಏರಿ ತಾನೇ ಕರೆಂಟು ತಗ್ಗಿಸಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ರಾತ್ರಿಯಿಡೀ ಉರಿಯುವ ಸೊಳ್ಳೆ ಲಿಕ್ವಿಡ್ಡಿನ ಹಲವು ಮಶೀನುಗಳಲ್ಲೂ ಇದೇ ಬಿಲ್ಲೆ. ಯಾವ ಡಿಗ್ರಿಗೆ ನಿಲ್ಲಬೇಕು ಅನ್ನುವುದನ್ನು ಬಿಲ್ಲೆ ಮಾಡುವಾಗಲೇ ಬೆರಕೆಯಲ್ಲಿ ತೀರ್ಮಾನಿಸುತ್ತಾರೆ. ಕಡಿಮೆಗೆ ನಿಲ್ಲಿಸುವುದು ಆಗದ ಕೆಲಸವಲ್ಲ. ಆದರೆ ಡಬ್ಬಿಯ ಮೇಲೆ ಸಣ್ಣ ಸಂಖ್ಯೆ ಇದ್ದರೆ ಪಕ್ಕದ ಅಂಗಡಿಯ ದೊಡ್ಡ ಸಂಖ್ಯೆ ಮಾರಾಟವಾಗುತ್ತದೆ ಅನ್ನುವ ಭಯ. ಅದಕ್ಕೆ ನಾವೂ ಕಾರಣ ಅನ್ನಿ.

ನಾವು ಎಣ್ಣೆ ಹಚ್ಚುವ ಜನ. ಇದನ್ನು ಯಾವ ವಿನ್ಯಾಸಕಾರನೂ ಯೋಚಿಸಿದಂತಿಲ್ಲ. ತೆಂಗಿನೆಣ್ಣೆ ಕೂದಲಿನ ಒಳಗೇ ಇಳಿದು ಪ್ರೋಟೀನು ಸೋರುವುದನ್ನು ಕಡಿಮೆ ಮಾಡುತ್ತದೆ, ಸೂರ್ಯಕಾಂತಿ ಎಣ್ಣೆಗಾಗಲೀ ಮಿನರಲ್ ಆಯಿಲ್‌ಗಾಗಲೀ ಆ ಗುಣವಿಲ್ಲ ಅಂತ 2003ರಲ್ಲಿ ಪ್ರಬಂಧ ಬರೆದವರು ಇದೇ ಮುಂಬೈಯ ಮ್ಯಾರಿಕೋ ಕಂಪನಿಯವರು. ಎಣ್ಣೆ ಮಾರುವವರೇ ಬರೆದದ್ದು ಅನ್ನುವುದನ್ನೂ ನೆನಪಿಡಿ. ಹಾಗಾಗಿ ಎಣ್ಣೆ ಬಿಡಿ ಅಂತ ನಮಗೆ ಹೇಳಿದರೆ ನಾವು ಕೇಳುವುದಿಲ್ಲ. ಆದರೆ ಗಾಣದ ತೆಂಗಿನೆಣ್ಣೆ 175 ಡಿಗ್ರಿ ಹತ್ತಿರ ಹೊಗೆಯಾಡಲು ಶುರುವಾಗುತ್ತದೆ. ಶಾಂಪೂ ಮಾಡಿದ ಮೇಲೂ ಬುಡದಲ್ಲಿ ಒಂಚೂರು ಉಳಿದಿರುತ್ತದಲ್ಲ... ಮೊದಲ ದಿನ ನನ್ನ ತಲೆಯಿಂದ ಒಗ್ಗರಣೆ ವಾಸನೆ ಯಾಕೆ ಬಂತು ಅಂತ ಈಗ ಗೊತ್ತಾಯಿತು.

ಹಾಗೆ ನೋಡಿದರೆ ಬುಡಕ್ಕೆ ಬಿಸಿ ಕೊಡುವ ಒಂದು ಸಾಧನ ನಮ್ಮ ಮನೆಯಲ್ಲೇ ಇತ್ತು. ಎಣ್ಣೆಸ್ನಾನದ ದಿನ ಅಜ್ಜಿ ಕೆಂಡದ ಮೇಲೆ ಲೋಬಾನದ ಪುಡಿ ಉದುರಿಸಿ, ಅದರ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ನಮ್ಮನ್ನು ಮಲಗಿಸಿ ಕೂದಲನ್ನು ಬುಟ್ಟಿಯ ಮೇಲೆ ಹರವುತ್ತಿದ್ದಳು. ಈಗ ಯೋಚಿಸಿದರೆ ಆ ಬುಟ್ಟಿಯೇ ಅವಳ ವಿನ್ಯಾಸ. ಅದು ಕೆಂಡಕ್ಕೂ ಕೂದಲಿಗೂ ನಡುವೆ ಒಂದು ಗೇಣು ದೂರ ಕಾಯುತ್ತಿತ್ತು, ಸಂದಿಗಳಿಂದ ಬೆಚ್ಚಗಿನ ಒಣ ಗಾಳಿ ಬಿಡುತ್ತಿತ್ತು. ಕೂದಲು ಬೆರಳಲ್ಲಿ ಎತ್ತಿ ಎತ್ತಿ ಬಿಡುತ್ತಿದ್ದಳು, ಒಣಗುವ ಹೊತ್ತಿಗೆ ಬುಡ ತಾನೇ ಎದ್ದು ನಿಂತಿರುತ್ತಿತ್ತು. ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಹೊಗೆಗೆ ಕಣ್ಣು ಉರಿಯುತ್ತಿತ್ತು, ಒಂದು ಮಧ್ಯಾಹ್ನ ಪೂರ್ತಿ ಹೋಗುತ್ತಿತ್ತು. 8.12ರ ಲೋಕಲ್ ಹಿಡಿಯುವವಳಿಗೆ ಕೆಂಡ ಎಲ್ಲಿಂದ ಬರಬೇಕು? ಆದರೆ ದೂರ, ಗಾಳಿ, ಸಾವಕಾಶ, ಈ ಮೂರರ ಲೆಕ್ಕ ಅವಳಿಗೆ ಗೊತ್ತಿತ್ತು.

ಮುಂಬೈಯ ಹವೆಯ ಕಥೆ ಬೇರೆ. ಕೂದಲು ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ನೀರನ್ನು ಗಾಳಿಯಿಂದಲೇ ಹೀರಬಲ್ಲದು. ಜುಲೈಯಲ್ಲಿ ಮನೆಯಿಂದ ಎದ್ದು ನಿಂತು ಹೊರಟ ಬುಡ ಠಾಣೆ ಬರುವಷ್ಟರಲ್ಲಿ ಮಲಗಿರುತ್ತದೆ. ಹೈಡ್ರೋಜನ್ ಕೊಂಡಿಗೆ ಬಿಸಿಯೂ ಒಂದೇ, ಸೆಖೆಯ ಪಸೆಯೂ ಒಂದೇ. ಆಗ ಜನ ಮಾಡುವುದೇನು? ಇನ್ನೂ ಇಪ್ಪತ್ತು ಡಿಗ್ರಿ ಏರಿಸುತ್ತಾರೆ. ಅದೇ ದೊಡ್ಡ ತಪ್ಪು. ಪಸೆ ಇರುವ ಕೂದಲಿನ ಕೆರಾಟಿನ್ ಒಣ ಕೂದಲಿಗಿಂತ ಎಷ್ಟೋ ಕಡಿಮೆ ಬಿಸಿಯಲ್ಲೇ ಕೆಡುತ್ತದೆ. ಒದ್ದೆ ಕೂದಲನ್ನು ಬಿಸಿ ತಟ್ಟೆಯಲ್ಲಿ ಒತ್ತಿದರೆ ಒಳಗಿನ ನೀರು ಆವಿಯಾಗಿ ಗುಳ್ಳೆ ಏಳುತ್ತದೆ, ಚರ್ಮವೈದ್ಯರು ಅದಕ್ಕೆ ಬಬಲ್ ಹೇರ್ ಅಂತಲೇ ಹೆಸರಿಟ್ಟಿದ್ದಾರೆ. ಗುಳ್ಳೆ ಎದ್ದಲ್ಲಿ ಕೂದಲು ಮುರಿಯುತ್ತದೆ. ಬುಡದಲ್ಲೇ ಮುರಿದರೆ ಬೈತಲೆ ಇನ್ನಷ್ಟು ಅಗಲ. ತೆಳ್ಳಗಾದವರೇ ಈ ಯಂತ್ರ ಕೊಳ್ಳುವುದು, ತೆಳ್ಳಗಾದವರಿಗೇ ಇದರಿಂದ ಹೆಚ್ಚು ನಷ್ಟ. ನನ್ನ ಸಿಟ್ಟೆಲ್ಲ ಇದರ ಮೇಲೇ.

(ಅಂದಹಾಗೆ ಬೈತಲೆ ದಿಢೀರಂತ ಅಗಲವಾದರೆ ಮೊದಲು ಡಾಕ್ಟರ ಹತ್ತಿರ ಹೋಗಿ. ಕಬ್ಬಿಣದ ಅಂಶ, ಥೈರಾಯ್ಡ್ ನೋಡಿಸಿ. ಮತ್ತೆ, ಅಮೆರಿಕದಿಂದ ಯಾರಾದರೂ ಇಂಥ ಬ್ರಶ್ ತಂದುಕೊಟ್ಟರೆ ಅದರ ಮೇಲೆ 120 ವೋಲ್ಟ್ ಅಂತ ಮಾತ್ರ ಇದೆಯಾ ನೋಡಿ. ಪಿನ್ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಬದಲಿಸುವುದಿಲ್ಲ. ನಮ್ಮ 230ಕ್ಕೆ ಚುಚ್ಚಿದರೆ ಸಾದಾ ತಂತಿ ಹೀಟರು ಮೂರೂವರೆ ಪಟ್ಟಿಗೂ ಹೆಚ್ಚು ಶಕ್ತಿ ಎಳೆಯುತ್ತದೆ. ನ್ಯೂಜೆರ್ಸಿಯ ನಾದಿನಿಯ ಪ್ರೀತಿ ನಮ್ಮ ಮನೆಯಲ್ಲಿ ನಾಲ್ಕು ಸೆಕೆಂಡಿನಲ್ಲಿ ಹೊಗೆಯಾಗಿ ಹೋದದ್ದು ಹಾಗೆಯೇ.)

ನಾನು ಈಗ ಏನು ಮಾಡುತ್ತೇನೆ ಅಂದರೆ, ಭಾನುವಾರ ತಲೆ ಮುಕ್ಕಾಲು ಒಣಗಿದ ಮೇಲೆ ನೆತ್ತಿಯ ಮೇಲೆ ಮೂರು ವೆಲ್ಕ್ರೋ ರೋಲರ್ ಸುತ್ತಿ, ಡ್ರೈಯರನ್ನು ಕಡಿಮೆ ಬಿಸಿಯಲ್ಲಿ ಎರಡು ನಿಮಿಷ ಹಿಡಿದು, ಆಮೇಲೆ ಆ ಹಿಮದ ಬಟನ್ ಒತ್ತುತ್ತೇನೆ. ಹಾಗೇ ಸುತ್ತಿಕೊಂಡು ಒಗ್ಗರಣೆ ಹಾಕುತ್ತೇನೆ, ಅನ್ನ ಬಸಿಯುತ್ತೇನೆ, ಕಾಲುಗಂಟೆ ಬಿಟ್ಟು ಬಿಚ್ಚುತ್ತೇನೆ. ಹಾಲಿನವನು ಒಂದು ಸಲ ಬಾಗಿಲಲ್ಲಿ ನೋಡಿ ಬೆದರಿದ್ದ. ಮೊನ್ನೆ ಸೋಮವಾರ ಟ್ರೇನಿನಲ್ಲಿ ನನ್ನ ತಲೆಯ ಮೇಲೆಯೇ ನಿಂತಿದ್ದ ಹುಡುಗಿಯೊಬ್ಬಳು ಬಗ್ಗಿ, "ಆಂಟಿ, ಕೌನ್ಸಾ ಮಶೀನ್ ಹೈ?" ಅಂತ ಕೇಳಿದಳು. ರೋಲರ್ ಅಂದೆ. ನಂಬಲಿಲ್ಲ ಅಂತ ಕಾಣುತ್ತದೆ. 230 ಡಿಗ್ರಿಯದು ಬೀರುವಿನಲ್ಲಿ ಡಬ್ಬಿಯ ಸಮೇತ ಹಾಗೇ ಇದೆ. ಮಗಳಿಗೆ ಇನ್ನೂ ಹೇಳಿಲ್ಲ. ಇದನ್ನು ಓದಿದ ಮೇಲೆ ಅವಳೇ ಫೋನ್ ಮಾಡುತ್ತಾಳೆ.