ಪಾಲು, ಪಠ್ಯ ಮತ್ತು ಪರದೆ: ಇಸ್ಲಾಮೀ ಕಾನೂನಿನ ಕಲಿಕೆಯಲ್ಲಿ ಮೊಬೈಲ್ ಆಪ್

ಓದುವ ಸಾಧನ ಬದಲಾದಾಗ ಶಾಸ್ತ್ರವೂ ಬದಲಾಗುತ್ತದೆಯೇ ಎಂಬ ಪ್ರಶ್ನೆ ಕನ್ನಡ ವಿಭಾಗಗಳಿಗೆ ಹೊಸದಲ್ಲ. ತಾಳೆಗರಿಯ ಮೂಲವೂ ಅದರ ಟೀಕೆ ಟಿಪ್ಪಣಿಗಳೂ ಅಚ್ಚಿಗೆ ಬಂದಾಗ ಪಡೆದುದೇನು, ಕಳೆದುಕೊಂಡುದೇನು ಎಂಬುದನ್ನು ಗ್ರಂಥಸಂಪಾದನೆಯ ಅಧ್ಯಯನ ಬಹುಕಾಲದಿಂದ ಚರ್ಚಿಸುತ್ತ ಬಂದಿದೆ. ಇಂಡೊನೇಷ್ಯಾದ ಇಸ್ಲಾಮೀ ವಿಶ್ವವಿದ್ಯಾಲಯಗಳ ಶರೀಅತ್ ನಿಕಾಯಗಳಲ್ಲಿ, ಕೈರೋದಲ್ಲಿ, ಭಾರತದ ಕಾನೂನು ಕಾಲೇಜುಗಳಲ್ಲಿ ಈಗ ಅದೇ ಪ್ರಶ್ನೆ ಮೊಬೈಲ್ ಆಪ್‌ಗಳ ರೂಪದಲ್ಲಿ ಎದುರಾಗಿದೆ. ಫಿಕ್ಹ್, ಅಂದರೆ ಇಸ್ಲಾಮೀ ಧರ್ಮಶಾಸ್ತ್ರವನ್ನು ಕಲಿಯುವ ವಿದ್ಯಾರ್ಥಿಯ ಕೈಯಲ್ಲಿ ಇಂದು ಸಾವಿರಾರು ಅರಬ್ಬೀ ಗ್ರಂಥಗಳ ಡಿಜಿಟಲ್ ಭಂಡಾರವಿದೆ, ಪಾರಿಭಾಷಿಕ ಪದಗಳನ್ನು ಕಲಿಸುವ ಪ್ರಶ್ನೋತ್ತರವಿದೆ, ಮೃತರ ಆಸ್ತಿಯ ಪಾಲನ್ನು ಕ್ಷಣದಲ್ಲಿ ಲೆಕ್ಕ ಹಾಕಿ ಕೊಡುವ ಗಣಕವೂ ಇದೆ.

ಇವುಗಳಲ್ಲಿ ಮೊದಲ ಎರಡರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಗ್ರಂಥಾಲಯವಿಲ್ಲದ ಊರಿನ ವಿದ್ಯಾರ್ಥಿಗೆ ಅವು ನಿಜವಾದ ಉಪಕಾರ ಮಾಡಿವೆ. ವಿವೇಚನೆಗೆ ಒಳಗಾಗಬೇಕಾದುದು ಮೂರನೆಯದು.

ವಾರಸಿನ ಶಾಸ್ತ್ರಕ್ಕೆ ಅರಬ್ಬಿಯಲ್ಲಿ ಫರಾಯಿಜ್ ಎಂದು ಹೆಸರು. ಕುರ್‌ಆನಿನ 4ನೆಯ ಅಧ್ಯಾಯ ಪತಿ, ಪತ್ನಿ, ತಂದೆ, ತಾಯಿ, ಮಗಳು, ಸೋದರಿ ಮೊದಲಾದವರಿಗೆ ಅರ್ಧ, ಕಾಲು, ಎಂಟನೆಯ ಒಂದು, ಮೂರನೆಯ ಎರಡು ಎಂಬಂತೆ ನಿಶ್ಚಿತ ಭಿನ್ನರಾಶಿಗಳನ್ನು ನಿಗದಿ ಮಾಡುತ್ತದೆ. ಹೀಗಾಗಿ ಈ ಶಾಸ್ತ್ರ ಮೊದಲಿನಿಂದಲೂ ಗಣಿತದ ನೆರೆಯಲ್ಲಿ ಬೆಳೆಯಿತು. 9ನೆಯ ಶತಮಾನದ ಅಲ್ ಖ್ವಾರಿಜ್ಮಿ ಬರೆದ ಬೀಜಗಣಿತ ಗ್ರಂಥದ ದೊಡ್ಡ ಭಾಗವೇ ಮರಣಶಾಸನ ಮತ್ತು ವಾರಸಿನ ಲೆಕ್ಕಗಳಿಗೆ ಮೀಸಲು. 12ನೆಯ ಶತಮಾನದಲ್ಲಿ ಅಲ್ ರಹಬೀ ಎಂಬ ವಿದ್ವಾಂಸ ಇಡೀ ವಿಷಯವನ್ನು ಕಂಠಪಾಠಕ್ಕೆ ಒದಗುವಂತೆ ಪದ್ಯಕ್ಕೆ ಇಳಿಸಿದ. ಅದೇ ಶತಮಾನದಲ್ಲಿ ಕನ್ನಡದಲ್ಲಿ ರಾಜಾದಿತ್ಯ ವ್ಯವಹಾರಗಣಿತವನ್ನು ಪದ್ಯದಲ್ಲಿ ಹೇಳುತ್ತಿದ್ದ ಎಂಬುದನ್ನು ಇಲ್ಲಿ ನೆನೆಯಬಹುದು. ಎರಡು ಕಡೆಯೂ ಪದ್ಯ ಆ ಕಾಲದ ಕಲಿಕೆಯ ಉಪಕರಣವೇ ಆಗಿತ್ತು. ಆದ್ದರಿಂದ ಉಪಕರಣ ಬಂದುದನ್ನೇ ಶಾಸ್ತ್ರದ ಪತನವೆಂದು ಕಾಣುವುದು ಇತಿಹಾಸವನ್ನು ಮರೆತ ಮಾತಾಗುತ್ತದೆ.

ತೊಡಕು ಇರುವುದು ಬೇರೆಡೆ. ಒಬ್ಬ ಮಹಿಳೆ ಮಕ್ಕಳಿಲ್ಲದೆ ತೀರಿಕೊಂಡಳು, ಪತಿ ಮತ್ತು ಇಬ್ಬರು ಒಡಹುಟ್ಟಿದ ಸೋದರಿಯರು ಇದ್ದಾರೆ, ಆಸ್ತಿ 42 ಲಕ್ಷ ರೂಪಾಯಿ ಎಂದು ಭಾವಿಸೋಣ. ಪತಿಗೆ ಅರ್ಧ, ಸೋದರಿಯರಿಗೆ ಮೂರನೆಯ ಎರಡು. ಕೂಡಿದರೆ 7/6, ಇರುವ ಆಸ್ತಿಗಿಂತ ಹೆಚ್ಚು. ಇಂಥದೇ ಪ್ರಸಂಗ ಖಲೀಫ ಉಮರ್ ಅವರ ಕಾಲದಲ್ಲಿ ಎದುರಾಯಿತೆಂದು ಪರಂಪರೆ ಹೇಳುತ್ತದೆ. ಆಗ ಕಂಡುಕೊಂಡ ಪರಿಹಾರ 'ಔಲ್': ಛೇದವನ್ನು 6ರಿಂದ 7ಕ್ಕೆ ಏರಿಸಿ ಎಲ್ಲರ ಪಾಲನ್ನೂ ಅನುಪಾತದಲ್ಲಿ ತಗ್ಗಿಸುವುದು. ಪತಿಗೆ 18 ಲಕ್ಷ, ಸೋದರಿಯರಿಗೆ ಒಟ್ಟು 24 ಲಕ್ಷ. ಇಬ್ನ್ ಅಬ್ಬಾಸ್ ಇದನ್ನು ಒಪ್ಪಲಿಲ್ಲ. ಶಿಯಾ ಪಂಥದ ಜಾಫರೀ ಶಾಖೆಯೂ ಔಲ್ ಅನ್ನು ತಿರಸ್ಕರಿಸುತ್ತದೆ. ಅಲ್ಲಿ ಪತಿಯ ಅರ್ಧ ಅರ್ಧವಾಗಿಯೇ ಉಳಿದು 21 ಲಕ್ಷವಾಗುತ್ತದೆ, ಕೊರತೆ ಸೋದರಿಯರ ಪಾಲಿಗೆ ಬೀಳುತ್ತದೆ. ಒಂದೇ ಕುಟುಂಬ, ಒಂದೇ ವಚನ, ಎರಡು ಉತ್ತರ. ಈ ಭಿನ್ನಮತಕ್ಕೆ ಇಖ್ತಿಲಾಫ್ ಎಂದು ಹೆಸರು, ಫಿಕ್ಹ್‌ನ ಜೀವ ಇರುವುದೇ ಇದರಲ್ಲಿ. ಆಪ್ ಒಂದೇ ಸಂಖ್ಯೆಯನ್ನು ತೋರಿಸಿ ನಿಂತರೆ ವಿದ್ಯಾರ್ಥಿ ಕಲಿತುದು ಭಾಗಾಕಾರವನ್ನು, ಕಾನೂನನ್ನಲ್ಲ.

ಹಳೆಯ ಮುದ್ರಿತ ಪುಟದ ವಿನ್ಯಾಸವೇ ಈ ಭಿನ್ನಮತವನ್ನು ಕಣ್ಣಿಗೆ ಕಾಣಿಸುತ್ತಿತ್ತು. ನಡುವೆ ಮೂಲ, ಅಂದರೆ ಮತ್ನ್. ಅದಕ್ಕೆ ಶರಹ್ ಎಂಬ ವ್ಯಾಖ್ಯಾನ. ಅಂಚಿನಲ್ಲಿ ಹಾಶಿಯಾ ಎಂಬ ಮೇಲ್ಟಿಪ್ಪಣಿ. ಅಂಚಿನಲ್ಲಿದ್ದವನು ನಡುವಿನಲ್ಲಿದ್ದವನನ್ನು ತಿದ್ದುವುದು, ಒಮ್ಮೊಮ್ಮೆ ಗದರುವುದು ಒಂದೇ ನೋಟಕ್ಕೆ ಸಿಗುತ್ತಿತ್ತು. ಅಂಗೈಯಗಲದ ಪರದೆಗೆ ಅಂಚಿಲ್ಲ. ಅದು ಒಂದು ಹೊತ್ತಿಗೆ ಒಂದೇ ದನಿಯನ್ನು ಕೇಳಿಸುತ್ತದೆ.

ಇನ್ನೂ ಗಂಭೀರವಾದುದು ದೇಶಭೇದದ ಪ್ರಶ್ನೆ. ತಂದೆಗಿಂತ ಮೊದಲೇ ತೀರಿಕೊಂಡ ಮಗನಿಗೆ ಒಬ್ಬಳು ಮಗಳಿದ್ದಾಳೆ. ಆಮೇಲೆ ಅಜ್ಜನೂ ತೀರಿಕೊಳ್ಳುತ್ತಾನೆ. ಬದುಕಿರುವ ಇನ್ನೊಬ್ಬ ಮಗನಿದ್ದಾನೆ. ಪ್ರಾಚೀನ ಸುನ್ನೀ ಶಾಸ್ತ್ರದಂತೆ ಆ ಚಿಕ್ಕಪ್ಪನಿಗೇ ಎಲ್ಲವೂ; ಮೊಮ್ಮಗಳಿಗೆ ಏನೂ ಇಲ್ಲ. ಈಜಿಪ್ಟ್ 1946ರಲ್ಲಿ ಕಡ್ಡಾಯ ಉಯಿಲಿನ ಕಲ್ಪನೆ ತಂದು ಇಂಥ ಮೊಮ್ಮಕ್ಕಳಿಗೆ ಆಸ್ತಿಯ ಮೂರನೆಯ ಒಂದು ಭಾಗದ ಮಿತಿಯಲ್ಲಿ ಪಾಲು ಕೊಟ್ಟಿತು. ಪಾಕಿಸ್ತಾನದ 1961ರ ಕುಟುಂಬ ಕಾನೂನಿನ ಸುಗ್ರೀವಾಜ್ಞೆ ತಂದೆಯ ಪಾಲನ್ನೇ ಮಗುವಿಗೆ ದಾಟಿಸಿತು. ಇಂಡೊನೇಷ್ಯಾದ 1991ರ ಇಸ್ಲಾಮೀ ಕಾನೂನು ಸಂಕಲನ ತನ್ನ 185ನೆಯ ವಿಧಿಯಲ್ಲಿ ಬದಲಿ ವಾರಸುದಾರರೆಂಬ ವರ್ಗವನ್ನು ಗುರುತಿಸಿತು. ಭಾರತದಲ್ಲಿ 1937ರ ಶರೀಅತ್ ಅನ್ವಯ ಕಾಯಿದೆ ಇಂಥ ಯಾವ ಮಾರ್ಪಾಡನ್ನೂ ಮಾಡಲಿಲ್ಲ. ಸಾಲದುದಕ್ಕೆ, ಕೃಷಿಭೂಮಿಯ ಪ್ರಶ್ನೆಗಳನ್ನು ಅದು ಮೂಲತಃ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಕೆಲವು ರಾಜ್ಯಗಳು ಅನಂತರ ತಿದ್ದುಪಡಿ ಮಾಡಿಕೊಂಡವು. ಜಕಾರ್ತಾದಲ್ಲಿ ರೂಪುಗೊಂಡ ಆಪ್ ಅನ್ನು ಮಂಗಳೂರಿನ ವಿದ್ಯಾರ್ಥಿ ತೆರೆದರೆ, ಅವನ ಮುಂದೆ ಬರುವ ಉತ್ತರ ಯಾವ ನೆಲದ ಕಾನೂನು?

ಈ ಉದಾಹರಣೆ ಕೇವಲ ಊಹೆಯದಲ್ಲ. ಕರ್ನಾಟಕದ ಕರಾವಳಿಯ ಬ್ಯಾರಿ ಸಮುದಾಯ, ಕೇರಳದ ಮಾಪಿಳ್ಳೆಯರು ಮತ್ತು ಇಂಡೊನೇಷ್ಯಾದ ಮುಸ್ಲಿಮರು ಬಹುಪಾಲು ಶಾಫಿಈ ಶಾಖೆಗೇ ಸೇರಿದವರು. 16ನೆಯ ಶತಮಾನದಲ್ಲಿ ಪೊನ್ನಾನಿಯ ಜೈನುದ್ದೀನ್ ಮಖ್ದೂಮ್ ಬರೆದ 'ಫತ್‌ಹುಲ್ ಮುಈನ್' ಮಲಬಾರಿನ ಮಸೀದಿಯ ದರ್ಸ್‌ಗಳಲ್ಲಿಯೂ ಜಾವಾದ ಪೆಸಂತ್ರೆನ್‌ಗಳಲ್ಲಿಯೂ ಪಠ್ಯವಾಗಿದೆ. ಸಮುದ್ರ ದಾಟಿದ ಆ ಗ್ರಂಥದ ಜೊತೆಗೆ ವ್ಯಾಖ್ಯಾನಿಸುವ ಗುರುವೂ ಇರುತ್ತಿದ್ದ; ಇಲ್ಲಿಯ ರೂಢಿ ಹೀಗೆ, ಅಲ್ಲಿಯದು ಹಾಗೆ ಎಂದು ಹೇಳುತ್ತಿದ್ದ. ಆಪ್ ಒಬ್ಬಂಟಿಯಾಗಿ ಪಯಣಿಸುತ್ತದೆ.

ಆಪ್‌ಗಳನ್ನು ತರಗತಿಯಿಂದ ಹೊರಗಿಡಬೇಕೆಂಬ ವಾದ ಕಾರ್ಯಸಾಧ್ಯವೂ ಅಲ್ಲ, ಅಪೇಕ್ಷಣೀಯವೂ ಅಲ್ಲ. ಲೆಕ್ಕದ ಪ್ರತಿ ಹಂತವನ್ನು ಬಿಡಿಸಿ ತೋರಿಸುವುದು, ಶಾಖೆ ಮತ್ತು ದೇಶವನ್ನು ಬಳಕೆದಾರನೇ ಆರಿಸಿಕೊಳ್ಳುವಂತೆ ಮಾಡುವುದು, ಉತ್ತರದ ಪಕ್ಕದಲ್ಲಿ ಅದನ್ನು ಒಪ್ಪದವರ ವಾದವನ್ನೂ ಇಡುವುದು ತಾಂತ್ರಿಕವಾಗಿ ಕಷ್ಟದ ಕೆಲಸವೇನಲ್ಲ. ಅದಕ್ಕೆ ತಂತ್ರಜ್ಞನ ಬದಿಯಲ್ಲಿ ಶಾಸ್ತ್ರಜ್ಞನೂ ಗ್ರಂಥಸಂಪಾದಕನೂ ಕೂರಬೇಕಾಗುತ್ತದೆ. ಕನ್ನಡ ವಚನಗಳನ್ನು, ಶಾಸನಗಳನ್ನು ಮೊಬೈಲಿಗೆ ತರುವವರಿಗೂ ಈ ಮಾತು ಅನ್ವಯಿಸುತ್ತದೆ. ಪಾಠಾಂತರವನ್ನು ಕೈಬಿಟ್ಟು ಒಂದೇ ಪಾಠವನ್ನು ತೋರಿಸುವ ಆತುರ ಇಲ್ಲಿಯೂ ಇದೆ.

ಫರಾಯಿಜ್ ಗ್ರಂಥಗಳಲ್ಲಿ 'ಹಜ್ಬ್' ಎಂಬ ಒಂದು ಅಧ್ಯಾಯವೇ ಇದೆ. ಯಾರು, ಯಾರ ಇರುವಿಕೆಯಿಂದಾಗಿ, ಏಕೆ ಪಾಲಿನಿಂದ ಹೊರಗುಳಿಯುತ್ತಾರೆ ಎಂಬುದನ್ನು ಅದು ಹೆಸರು ಹಿಡಿದು ಹೇಳುತ್ತದೆ. ಆ ಮೊಮ್ಮಗಳು ಅಲ್ಲಿ ಪಾಲು ಸಿಗದವಳಾಗಿಯಾದರೂ ಪುಟದ ಮೇಲೆ ಇದ್ದಾಳೆ, ಅವಳ ಪರವಾಗಿ ವಾದ ಹೂಡಲು ಮುಂದಿನ ಕಾಲದ ನ್ಯಾಯವಾದಿಗೆ ಒಂದು ಸಾಲು ದೊರೆಯುತ್ತದೆ. ಪಾಲು ಪಡೆದವರ ಪಟ್ಟಿಯನ್ನು ಮಾತ್ರ ತೋರಿಸುವ ಪರದೆಯಲ್ಲಿ ಅವಳ ಹೆಸರೇ ಬರುವುದಿಲ್ಲ.