ಕೇಳಲು ಅಂಜುವ ಮಕ್ಕಳು

ಕಳೆದ ವರ್ಷ ಒಂದು ಸಂಜೆ ದ್ವಿತೀಯ ಪಿಯುಸಿ ಓದುತ್ತಿದ್ದ ಹುಡುಗಿಯೊಬ್ಬಳು ತಾಯಿಯೊಡನೆ ನನ್ನ ಬಳಿಗೆ ಬಂದಳು. ಇತಿಹಾಸದ ಪ್ರಾಜೆಕ್ಟ್ ಒಪ್ಪಿಸಲು ಎರಡೇ ದಿನ ಉಳಿದಿತ್ತು. ‘ನಿಮ್ಮ ಊರಿನ ಚರಿತ್ರೆ’ ಎಂಬುದಷ್ಟೇ ಅವಳಿಗೆ ದೊರೆತಿದ್ದ ಸೂಚನೆ. ಎಷ್ಟು ಪುಟ ಬರೆಯಬೇಕು, ಯಾರನ್ನು ವಿಚಾರಿಸಬೇಕು, ಸ್ವಂತ ಅಭಿಪ್ರಾಯಕ್ಕೆ ಎಡೆಯುಂಟೇ, ಅಂಕ ಯಾವುದಕ್ಕೆ, ಒಂದೂ ತಿಳಿಯದು. “ಫಾದರ್, ಹಳೆಯ ಚರ್ಚಿನ ಫೋಟೋ ಇದ್ದರೆ ಕೊಡಿ” ಎಂದಳು. “ಅಧ್ಯಾಪಕರನ್ನು ಕೇಳಿದೆಯಾ?” ಎಂದೆ. ಅವಳು ತಲೆ ತಗ್ಗಿಸಿದಳು. ತಾಯಿಯೇ ಉತ್ತರಿಸಿದರು: “ಕೇಳಿದರೆ ಕ್ಲಾಸಿನಲ್ಲಿ ಗಮನ ಕೊಟ್ಟಿಲ್ಲ ಅಂದುಕೊಳ್ತಾರೆ ಫಾದರ್. ಇಂಟರ್ನಲ್ ಅಂಕ ಅವರ ಕೈಲಿದೆಯಲ್ಲ.”

ಆ ತಾಯಿಯನ್ನು ಹೇಡಿಯೆನ್ನಲಾರೆ. ಅವರು ಲೆಕ್ಕ ಹಾಕಿದ್ದರು. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿಯಲ್ಲಿ 2014-15ರಿಂದ ನೂರರಲ್ಲಿ 20 ಅಂಕಗಳು ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾದವು. 2023-24ರಿಂದ ಪ್ರಯೋಗಾಲಯವಿಲ್ಲದ ಪಿಯುಸಿ ವಿಷಯಗಳಿಗೂ ಅದೇ ಏರ್ಪಾಡು ಬಂತು. ಮೂರು ಗಂಟೆಯ ಬರವಣಿಗೆಯೊಂದೇ ಮಗುವಿನ ಭವಿಷ್ಯವನ್ನು ನಿರ್ಧರಿಸಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ ಕೆಲಸವನ್ನು ಅಸ್ಪಷ್ಟವಾಗಿ ಹೇಳುವವರೂ, ಆ ಅಸ್ಪಷ್ಟತೆಯನ್ನು ಕುರಿತು ಕೇಳಬೇಕಾದವರೂ, ಕೊನೆಗೆ ಅಂಕವಿಡುವವರೂ ಒಬ್ಬರೇ ಆದಾಗ ಮಗು ಮಾಡುವುದೇನು? ಊಹಿಸುತ್ತದೆ. ಹಿಂದಿನ ವರ್ಷದವರ ಪ್ರಾಜೆಕ್ಟನ್ನು ನಕಲು ಮಾಡುತ್ತದೆ. ಈಗಂತೂ ಮೊಬೈಲಿನಲ್ಲಿರುವ ಕೃತಕ ಬುದ್ಧಿಮತ್ತೆಯನ್ನು ಕೇಳುತ್ತದೆ. ಅದರ ಉತ್ತರ ಸರಿಯೋ ತಪ್ಪೋ, ಅದು ಗದರುವುದಿಲ್ಲ. ಯಂತ್ರದ ಮುಂದೆ ಬರುವ ಧೈರ್ಯ ಅಧ್ಯಾಪಕರ ಮುಂದೆ ಬಾರದಿದ್ದರೆ ನಾಚಬೇಕಾದವರು ಮಕ್ಕಳೇ?

ಕನ್ನಡದಲ್ಲಿ ‘ಕೇಳು’ ಎಂದರೆ ಆಲಿಸು ಎಂದೂ ಆಗುತ್ತದೆ, ಪ್ರಶ್ನಿಸು ಎಂದೂ ಆಗುತ್ತದೆ. ನಮ್ಮ ಹಿರಿಯರು ಇವೆರಡನ್ನೂ ಒಂದೇ ಮಾತಿನಲ್ಲಿ ಇಟ್ಟರು. ನಮ್ಮ ಶಾಲೆಗಳು ಆ ಮಾತನ್ನು ಸೀಳಿ ಅರ್ಧವನ್ನಷ್ಟೇ ಇಟ್ಟುಕೊಂಡಿವೆ. ‘ಹೇಳಿದ್ದನ್ನು ಕೇಳು’ ಎಂಬುದು ಉಳಿಯಿತು. ‘ತಿಳಿಯದಿದ್ದರೆ ಕೇಳು’ ಎಂಬುದು ಗೋಡೆಯ ಮೇಲಿನ ಬರಹವಾಯಿತು.

ಇದನ್ನು ಹೊರಗಿನವನಾಗಿ ನಿಂತು ಬರೆಯುತ್ತಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಗುರುಮಠ ಸೇರಿದವನು ನಾನು. ತತ್ತ್ವಶಾಸ್ತ್ರದ ಮೊದಲ ವರ್ಷ ನಮಗೆ ಸಂತ ತೋಮಾಸ್ ಅಕ್ವಿನಾಸರ ‘ಸುಮ್ಮಾ ಥಿಯೊಲೋಜಿಯೆ’ಯನ್ನು ಪರಿಚಯಿಸಲಾಯಿತು. ಆ ಮಹಾಗ್ರಂಥದ ವಿಭಾಗಗಳ ಹೆಸರೇ ‘ಪ್ರಶ್ನೆ’. ಪ್ರತಿಯೊಂದು ಚರ್ಚೆಯೂ ಆರಂಭವಾಗುವುದು ಲೇಖಕರ ನಿಲುವಿಗೆ ಎದುರಾದ ಆಕ್ಷೇಪಗಳಿಂದ. ಅದನ್ನು ನಮಗೆ ಕಲಿಸಿದ್ದು ಮಾತ್ರ ಯಾರೂ ಬಾಯಿ ಬಿಡದ ಕೋಣೆಯಲ್ಲಿ! ಒಮ್ಮೆ ಹತ್ತು ಪುಟಗಳ ‘ಕ್ರಿಟಿಕಲ್’ ಪ್ರಬಂಧ ಬರೆಯಲು ಹೇಳಿದರು. ಆ ಪದಕ್ಕೆ ನನಗೆ ಗೊತ್ತಿದ್ದ ಅರ್ಥ ತಪ್ಪು ಹುಡುಕುವುದು ಎಂದಷ್ಟೆ. ಪಕ್ಕದವನಿಗೂ ಗೊತ್ತಿರಲಿಲ್ಲ. ಯಾರೂ ಕೇಳಲಿಲ್ಲ. ನಾನು ಹತ್ತು ಪುಟ ಸಂತರ ತಪ್ಪುಗಳನ್ನು ಪಟ್ಟಿ ಮಾಡಿದೆ. ಹಾಳೆ ಕೆಂಪಾಗಿ ಹಿಂದಿರುಗಿತು, ತರಗತಿ ನಕ್ಕಿತು. ಮುಂದಿನ ಎರಡು ವರ್ಷ ನಾನು ಆ ತರಗತಿಯಲ್ಲಿ ಕೈಯೆತ್ತಲಿಲ್ಲ. ಇನ್ನೂ ಕೆಟ್ಟ ಸಂಗತಿಯೆಂದರೆ, ಮುಂದೆ ನಾನೇ ಕಲಿಸಲು ನಿಂತಾಗ ಸಂದೇಹ ಕೇಳಿದ ಹುಡುಗನಿಗೆ “ಇಷ್ಟು ಹೊತ್ತು ಎಲ್ಲಿದ್ದೆ?” ಎಂದು ಗದರಿದ್ದೇನೆ.

‘ಈಗಿನ ಮಕ್ಕಳು ಸೋಮಾರಿಗಳು, ಗಮನವಿಟ್ಟು ಆಲಿಸದೆ ಮತ್ತೆ ಮತ್ತೆ ಕೇಳುತ್ತಾರೆ’ ಎಂದು ಅಧ್ಯಾಪಕ ಮಿತ್ರರು ಹೇಳುವುದುಂಟು. ಅಂಥವರು ಇದ್ದಾರೆ, ಇಲ್ಲವೆನ್ನಲಾರೆ. ಆದರೆ ಸೋಮಾರಿಗೆ ಪ್ರಶ್ನೆಯ ಚಿಂತೆಯೇ ಇರುವುದಿಲ್ಲ. ನಮ್ಮ ಗದರಿಕೆ ತಾಗುವುದು ಸರಿಯಾಗಿ ಮಾಡಬೇಕೆಂದು ಹಂಬಲಿಸುವ ಮಗುವಿಗೆ. ಅರವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರಿಗೂ ವಿವರಿಸಲು ಸಮಯವೆಲ್ಲಿ ಎಂಬ ಮಾತೂ ಕೇಳಿಬರುತ್ತದೆ. ಸಮಯದ ಕೊರತೆ ನಿಜ; ಹಾಗಿದ್ದರೆ ಏನು ಬೇಕು, ಎಷ್ಟು ಬೇಕು, ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ಮೊದಲ ದಿನವೇ ಕಪ್ಪುಹಲಗೆಯ ಮೇಲೆ ಬರೆಯಲಿ. ಐದು ಸಾಲು ಸಾಕು. ‘ವಿವರಿಸಿ’ ಎಂದರೇನು, ‘ವಿಮರ್ಶಿಸಿ’ ಎಂದರೇನು ಎಂದು ಹೇಳಿಕೊಡದೆ ಎರಡನ್ನೂ ಪ್ರಶ್ನೆಪತ್ರಿಕೆಯಲ್ಲಿ ಮುದ್ರಿಸುವುದು ಯಾವ ನ್ಯಾಯ?

ನಮ್ಮ ಸಂಸ್ಥೆಗಳಿಗೆ ಶಿಸ್ತಿನ ಹೆಸರಿದೆ. ಮೌನವಾಗಿರುವ ವರಾಂಡಗಳನ್ನು ಅತಿಥಿಗಳಿಗೆ ಹೆಮ್ಮೆಯಿಂದ ತೋರಿಸುತ್ತೇವೆ. ಆ ಮೌನದಲ್ಲಿ ಏಕಾಗ್ರತೆ ಎಷ್ಟು, ಭಯ ಎಷ್ಟು ಎಂದು ಅಳೆದವರಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೇ ಪ್ರಕರಣವು ಮಗು ಭಯ, ಆತಂಕಗಳಿಲ್ಲದೆ ತನ್ನ ಅಭಿಪ್ರಾಯ ಹೇಳುವಂತಾಗಬೇಕೆಂದು ಬಯಸುತ್ತದೆ. ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆ ತೀರ್ಪಿನ ಸರಿತಪ್ಪುಗಳ ವಾದ ನ್ಯಾಯಾಲಯದಲ್ಲೇ ನಡೆಯಲಿ. ಮಗುವನ್ನು ಹೆದರಿಸುವ ಹಕ್ಕನ್ನು ನಾವು ಅಲ್ಪಸಂಖ್ಯಾತರ ಹಕ್ಕಿನ ಪಟ್ಟಿಗೆ ಸೇರಿಸಿಕೊಳ್ಳಬೇಕಾಗಿಲ್ಲ.

ಸಂತ ಮಾರ್ಕನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಶಿಷ್ಯರಿಗೆ ಗುರುವಿನ ಮಾತು ಅರ್ಥವಾಗುವುದಿಲ್ಲ, ಕೇಳಲೂ ಅಂಜುತ್ತಾರೆ. ಮರುಕ್ಷಣ ದಾರಿಯಲ್ಲಿ ಅವರು ಚರ್ಚಿಸುವುದು ತಮ್ಮಲ್ಲಿ ದೊಡ್ಡವನು ಯಾರೆಂದು! ನಮ್ಮ ತರಗತಿಗಳಲ್ಲೂ ಅಷ್ಟೆ. ಪಾಠ ತಿಳಿಯಿತೇ ಎಂಬ ಮಾತು ಹಿಂದೆ ಬಿದ್ದು, ರ್‍ಯಾಂಕ್ ಯಾರಿಗೆ ಎಂಬುದೇ ಮುಂದೆ ಬರುತ್ತದೆ.

ತಂದೆತಾಯಿಗಳೇ, ನಿಮ್ಮ ಪಾಲೂ ಇದರಲ್ಲಿದೆ. ಮನೆಯಲ್ಲಿ ‘ಎದುರು ಮಾತಾಡಬೇಡ’ ಎಂದು ಬಾಯಿ ಮುಚ್ಚಿಸಿದ ಮಗು ಶಾಲೆಯಲ್ಲಿ ಬಾಯಿ ತೆರೆದೀತೇ? ಪೋಷಕರ ಸಭೆಗಳಲ್ಲಿ ನೀವು ಅಂಕಪಟ್ಟಿಗೆ ಸಹಿ ಹಾಕಿ ಮರಳುತ್ತೀರಿ. ಈ ಬಾರಿ ಒಬ್ಬರೇ ಕೇಳಬೇಡಿ, ಹತ್ತು ಮಂದಿ ಸೇರಿ ಕೇಳಿ. ಆಗ ಯಾವ ಮಗುವಿನ ಹೆಸರೂ ಎದ್ದು ಕಾಣದು.

ಆ ಸಂಜೆ ಹುಡುಗಿಗೆ ಫೋಟೋ ಕೊಟ್ಟೆ. ಚರ್ಚಿನ ಹಳೆಯ ದಾಖಲೆಗಳಿಂದ ಕೆಲವು ಇಸವಿಗಳನ್ನೂ ಬರೆದುಕೊಟ್ಟೆ. ನಾಳೆ ಅಧ್ಯಾಪಕರನ್ನೇ ಕೇಳು ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ಅಂಕ ಹೋದರೆ ಹೋಗುವುದು ಅವಳದು, ನನ್ನದಲ್ಲ.