ಸುರಪುರದ ದೊರೆಗೆ ಸಿಕ್ಕ ಮಾಫಿ

ಜಗಳೂರಿನಿಂದ ಸುರಪುರಕ್ಕೆ ಹೋಗಬೇಕಾದರೆ ತುಂಗಭದ್ರೆ, ಕೃಷ್ಣೆ ಎರಡನ್ನೂ ದಾಟಬೇಕು. ಆದರೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ನಾಯಕ ಜನಕ್ಕೆ ಸುರಪುರದ ದೊರೆ ರಾಜಾ ವೆಂಕಟಪ್ಪ ನಾಯಕ ಹೊರಗಿನವನಲ್ಲ. ಅವನಿಗೆ ಕೊಟ್ಟ ಮಾಫಿ ನಿಜಕ್ಕೂ ಮಾಫಿಯೇ ಎಂಬ ಪ್ರಶ್ನೆಯೂ ದೂರದ್ದಲ್ಲ.

1857ರ ದಂಗೆಯ ಹೊತ್ತಿಗೆ ದೊರೆ ಬ್ರಿಟಿಷರಿಗೆ ತಿರುಗಿಬಿದ್ದ. 1858ರ ಫೆಬ್ರವರಿಯಲ್ಲಿ ಸುರಪುರದ ಮೇಲೆ ಬ್ರಿಟಿಷ್ ಕಂಪನಿಯ ದಂಡು ಬಂತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ದೊರೆ ತಪ್ಪಿಸಿಕೊಂಡು ಹೈದರಾಬಾದಿಗೆ ಹೋದ, ಅಲ್ಲಿ ಸಿಕ್ಕಿಬಿದ್ದ. ಆಗ ಅವನಿಗೆ ಇಪ್ಪತ್ತನಾಲ್ಕರ ಆಸುಪಾಸು. ವಿಚಾರಣೆ ನಡೆದು ಮರಣದಂಡನೆಯಾಯಿತು. ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟ್ ಡೇವಿಡ್‌ಸನ್ ಅದನ್ನು ಜೀವಾವಧಿ ಕರಿನೀರಿನ ಶಿಕ್ಷೆಗೆ ಇಳಿಸಿದ. ಗವರ್ನರ್ ಜನರಲ್ ಕ್ಯಾನಿಂಗ್ ಅದನ್ನೂ ಇಳಿಸಿ, ಮದರಾಸಿನ ಹತ್ತಿರದ ಕೋಟೆಯಲ್ಲಿ ನಾಲ್ಕು ವರ್ಷ ಸೆರೆ ಎಂದ. ನಡತೆ ನೆಟ್ಟಗಿದ್ದರೆ ಸಂಸ್ಥಾನ ಮರಳಿ ಕೊಡುವ ಮಾತೂ ಇತ್ತು.

ಈ ಮಾಫಿಯನ್ನು ಬರೀ ನಾಟಕ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ದಂಗೆಯ ಆ ದಿನಗಳಲ್ಲಿ ಇಂಗ್ಲೆಂಡಿನ ಪತ್ರಿಕೆಗಳು ಸೇಡಿಗಾಗಿ ಕೂಗುತ್ತಿದ್ದವು. ಸಿಕ್ಕಸಿಕ್ಕವರನ್ನೆಲ್ಲ ನೇಣಿಗೆ ಹಾಕಬಾರದು ಎಂದದ್ದಕ್ಕೆ ಕ್ಯಾನಿಂಗ್‌ನನ್ನು ‘ಕ್ಷಮೆಯ ಕ್ಯಾನಿಂಗ್’ ಎಂದು ಹಂಗಿಸಿದರು. ದೊರೆಗಾಗಿ ಮರುಗುವ ಒಬ್ಬನೂ ಇದ್ದ. ಹುಡುಗ ದೊರೆ ಪ್ರಾಯಕ್ಕೆ ಬರುವ ತನಕ, 1853ರವರೆಗೆ, ಸುರಪುರದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್. ಅವನನ್ನು ಹುಡುಗ ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಎಳೆಯ ವಯಸ್ಸು, ಸುತ್ತಲಿನವರ ದುರ್ಬೋಧೆ, ಇವನ್ನು ಲೆಕ್ಕಕ್ಕೆ ಹಿಡಿದು ಜೀವ ಉಳಿಸಿದ್ದು ತಪ್ಪೆನ್ನಲು ಬಾರದು. ತೀರ್ಪಿನ ಅಕ್ಷರದಾಚೆಗೆ ಮನುಷ್ಯನನ್ನು ನೋಡುವುದಕ್ಕೇ ಕ್ಷಮಾದಾನದ ಅಧಿಕಾರ ಇರುವುದು. ನಮ್ಮ ಸಂವಿಧಾನವೂ 72 ಮತ್ತು 161ನೇ ವಿಧಿಗಳಲ್ಲಿ ರಾಷ್ಟ್ರಪತಿಗೂ ರಾಜ್ಯಪಾಲರಿಗೂ ಆ ಅಧಿಕಾರ ಕೊಟ್ಟಿದೆ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವುದು ಹಗುರದ್ದಲ್ಲ. ಮೊದಲನೆಯದಾಗಿ, ದೊರೆ ತಾನಾಗಿ ಜೀವ ಬೇಡಲಿಲ್ಲ. ಸೆರೆಮನೆಗೆ ಟೇಲರ್ ಕಾಣಲು ಹೋದಾಗ ಅವನು ಜೊತೆಗಾರರ ಹೆಸರು ಹೇಳಲು ಒಪ್ಪಲಿಲ್ಲ, ಕಳ್ಳನ ಹಾಗೆ ನೇಣಿಗೇರುವ ಬದಲು ತೋಪಿನ ಬಾಯಿಗೆ ಕಟ್ಟಿರೆಂದು ಕೇಳಿದ; ಟೇಲರನೇ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾನೆ. ಬೇಡದವನಿಗೆ ಕೊಟ್ಟ ಮಾಫಿ, ಅವನ ಹೋರಾಟವನ್ನು ಅರಿಯದ ಹುಡುಗನ ಎಡವಟ್ಟಾಗಿ ಕುಗ್ಗಿಸಿಬಿಡುತ್ತದೆ. ಟೇಲರ್‌ನ ಮರುಕ ಸುಳ್ಳಲ್ಲ; ಆದರೆ ಆ ಮರುಕಕ್ಕೆ ಕಂಪನಿಯ ಹಕ್ಕಿನ ಮೇಲೆ ಒಂದಿಷ್ಟೂ ಅನುಮಾನವಿರಲಿಲ್ಲ.

ಎರಡನೆಯದು ನನ್ನನ್ನು ಹೆಚ್ಚು ಕಾಡುವಂಥದ್ದು. ದೊರೆಗಿಂತ ಎರಡೇ ತಿಂಗಳು ಮೊದಲು, 1857ರ ನವೆಂಬರ್ ಕೊನೆಯಲ್ಲಿ, ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ಬೇಡರು ಹತಾರ ಒಪ್ಪಿಸಲಾರೆವೆಂದು ನಿಂತರು. ದೊರೆಯದೂ ಅವರದೂ ಒಂದೇ ಕುಲ. ಊರಿಗೆ ಬೆಂಕಿ ಬಿತ್ತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿ, 14ರಂದು ಹಲಗಲಿಯಲ್ಲೇ 6 ಮಂದಿ ನೇಣಿಗೆ ಹೋದರು. ದಂಗೆಯಿಂದ ನೇಣಿನವರೆಗೆ ಎರಡು ವಾರ. ಕಲ್ಕತ್ತೆಗೆ ಟಪಾಲು ಹೋಗಿ ಉತ್ತರ ಬರುವಷ್ಟು ದಿನವೂ ಅಲ್ಲ. ಅವರ ಹೆಸರು ಹಿಡಿದು ಮಾತಾಡುವ ಟೇಲರ್ ಯಾರೂ ಇರಲಿಲ್ಲ. ಅವರಿಗೆ ಉಳಿದದ್ದು ಲಾವಣಿ ಕಟ್ಟಿದವರ ಕನಿಕರ ಮಾತ್ರ. ಸಂಸ್ಥಾನಿಕರೆಲ್ಲರಿಗೂ ದಯೆ ಸಿಕ್ಕಿತೆಂದೂ ಅಲ್ಲ. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಕೊಲೆಯಾದ ಮೇಲೆ ನರಗುಂದದ ಬಾಬಾಸಾಹೇಬನನ್ನು 1858ರ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಹಲಗಲಿಯವರಿಗೆ ಸಿಗಲಿಲ್ಲವೆಂದು ಸುರಪುರದವನಿಗೂ ಸಿಗಬಾರದಿತ್ತೆ? ಹಾಗೆ ಹೇಳಲಾರೆ, ಒಂದು ಜೀವವಾದರೂ ನೇಣಿನಿಂದ ಪಾರಾದದ್ದು ಒಳ್ಳೆಯದೇ. ಆದರೆ ಆಳುವವರಲ್ಲಿ ಪರಿಚಯವಿದ್ದವನ ಕಡೆಗಷ್ಟೇ ದಯೆ ತಿರುಗಿದಾಗ, ಅದನ್ನು ನ್ಯಾಯದ ಭಾಗವೆನ್ನಲು ನಾಲಿಗೆ ಏಳುವುದಿಲ್ಲ. ಈ ಎರಡು ಮಾತೂ ನನ್ನೊಳಗೆ ಜೊತೆಗೇ ಇವೆ.

ಆ ಒಂದು ಜೀವವೂ ಉಳಿಯಲಿಲ್ಲ. ಮದರಾಸಿನ ಕಡೆಗೆ ಕರೆದೊಯ್ಯುವಾಗ ದಾರಿಯಲ್ಲೇ ವೆಂಕಟಪ್ಪ ನಾಯಕ ಗುಂಡೇಟಿಗೆ ಸತ್ತ. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಹೊಡೆದುಕೊಂಡ ಎಂದು ಬ್ರಿಟಿಷರು ಬರೆದಿಟ್ಟರು. ಕೊಂದರು ಎನ್ನುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಮರಳಿ ಕೊಡುತ್ತೇವೆಂದಿದ್ದ ಸುರಪುರವನ್ನು 1860ರಲ್ಲಿ ನಿಜಾಮನಿಗೆ ಒಪ್ಪಿಸಿದರು.